ತಿಳಿಯಾದ ಬಿಯರ್

ಅವನನ್ನು ಬೀದಿಯಲ್ಲಿ ಎಲ್ಲರೂ ಮಾಸ್ಟರ್ ಅಂತಲೇ ಕರೆಯುತ್ತಿದ್ದರು. ಮೊಟ್ಟೆ ಅಂಗಡಿಯವನು ಕರೆಯುತ್ತಿದ್ದ, ಕ್ಷೌರದವನು ಕರೆಯುತ್ತಿದ್ದ, ಸ್ವಂತ ಹೆಂಡತಿಯೂ ಅಕ್ಕಪಕ್ಕದವರ ಮುಂದೆ ‘ನಮ್ಮ ಮಾಸ್ಟರಿಗೆ ಸಂಜೆ ಹೊತ್ತು ಚಹಾ ಕಂಡರಾಗದು’ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಬಿಯರ್ ಮಾಸ್ಟರ್! ಬಿಯರ್ ಕಾರ್ಖಾನೆಯಲ್ಲಿ ತಲೆ ನರೆಯುವ ತನಕ ದುಡಿದ ಮನುಷ್ಯ. ನಿಜ ಏನೆಂದರೆ ಈ ಮಾಸ್ಟರ್ ತನ್ನ ಜನ್ಮದಲ್ಲಿ ಒಂದು ಲೋಟ ಬಿಯರ್ ಕೂಡ ಮಾಡಿದವನಲ್ಲ.

ಅವನ ಕೆಲಸ ಬಾಟಲಿ ನೋಡುವುದು. ಕಣ್ಣು ಕುಕ್ಕುವ ದೀಪದ ಹಲಗೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂರುವುದು, ಪಟ್ಟಿಯ ಮೇಲೆ ಸಾಲಾಗಿ ಬರುವ ಬಾಟಲಿಗಳಲ್ಲಿ ಕಸವೋ ಕೂದಲೋ ಒಂದು ಚೂರು ಮಬ್ಬೋ ಕಂಡರೆ ಕತ್ತು ಹಿಡಿದು ಆಚೆಗೆ ಇಡುವುದು. ಅನುಮಾನ ಬಂದದ್ದನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಎಕ್ಸ್-ರೇ ನೋಡುವ ಡಾಕ್ಟರ ಹಾಗೆ ನೋಡುತ್ತಿದ್ದ. ಅದಕ್ಕೇ ಜೊತೆಯ ಹುಡುಗರು ‘ಏನ್ ಮಾಸ್ಟರ್, ಪೇಷಂಟ್ ಉಳೀತಾನಾ?’ ಅಂತ ರೇಗಿಸುತ್ತಿದ್ದರು. ಬಿಯರ್ ಮಾಡಿಸುವ ಮುಖ್ಯಸ್ಥನಿಗೆ ಅಲ್ಲಿ ಮಾಸ್ಟರ್ ಅನ್ನುತ್ತಿದ್ದರು, ತಮಾಷೆಗೆ ಆ ಹೆಸರು ಇವನಿಗೆ ಅಂಟಿತು.

ಮದುವೆಯ ಮಾತು ನಡೆದಾಗ ಹೆಣ್ಣಿನ ಅಪ್ಪ ಸದ್ದಿಲ್ಲದೆ ಕಾರ್ಖಾನೆಯ ಗೇಟಿಗೆ ಹೋಗಿ ವಿಚಾರಿಸಿದ್ದ. ಗೇಟಿನವನು, ‘ಓ, ನಮ್ಮ ಬಿಯರ್ ಮಾಸ್ಟರಾ?’ ಅಂದ. ಅಷ್ಟು ಸಾಕಾಯಿತು. ಮಾವ ಮನೆಗೆ ಬಂದು ಊಟಕ್ಕೆ ಕೂತವನು, ‘ಹಾಗಾದ್ರೆ ಅಲ್ಲಿ ಬಿಯರೆಲ್ಲ ನಿಮ್ಮ ಕೈಲೇ ಅನ್ನಿ’ ಅಂತ ಕೇಳಿದ. ಇವನು ತಲೆ ತಗ್ಗಿಸಿ, ‘ನನ್ನ ಕಣ್ಣು ತಪ್ಪಿಸಿ ಒಂದು ಬಾಟ್ಲಿನೂ ಆಚೆ ಹೋಗಲ್ಲ’ ಅಂದ. ಅಕ್ಷರಶಃ ನಿಜ! ಸುಳ್ಳನ್ನು ಅಷ್ಟು ಅಪ್ಪಟ ನಿಜದಲ್ಲಿ ಸುತ್ತಿ ಕೊಟ್ಟವರು ಯಾರಾದರೂ ಇದ್ದಾರೆಯೇ ನೀವೇ ಹೇಳಿ. ಆಮೇಲೆ ತಿದ್ದೋಣವೆಂದರೆ ಹೆಂಡತಿ ಆ ಹೊತ್ತಿಗೆ ತನ್ನ ಅಕ್ಕನಿಗೆ ಹೇಳಿಯಾಗಿತ್ತು. ಅಕ್ಕನ ಗಂಡ ಬರೀ ಗುಮಾಸ್ತ.

ಒಂದು ಮಾತ್ರ ಸುಳ್ಳಲ್ಲ: ಬಿಯರ್ ಅಂದರೆ ಅವನಿಗೆ ಪ್ರಾಣ. ಕುಡುಕನಲ್ಲ. ಸಂಜೆ ಒಂದೇ ಬಾಟಲಿ, ಅದೂ ಊಟಕ್ಕೆ ಮೊದಲು, ಹುರಿದ ಕಡಲೆಕಾಯಿ ಪಕ್ಕಕ್ಕಿಟ್ಟುಕೊಂಡು. ಮೊದಲ ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿ, ‘ಇವತ್ತಿಂದು ಸ್ವಲ್ಪ ಆತುರದಲ್ಲಿ ಮಾಡಿದಾರೆ’ ಅನ್ನುತ್ತಿದ್ದ. ಹೇಗೆ ಗೊತ್ತಾಗುತ್ತದೋ ಅವನಿಗೇ ಗೊತ್ತಿರಲಿಲ್ಲ. ಆದರೆ ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಆ ಒಂದು ಬಾಟಲಿ ನಿಲ್ಲಲಿಲ್ಲ.

ಹೀಗೆ ತಣ್ಣಗಿದ್ದ ಮನೆಯಲ್ಲಿ ಮಗ ಒಂದು ದಿನ ಊಟದ ಮಧ್ಯೆ ಬಾಂಬು ಹಾಕಿದ.

ಮಗ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಊರೆಲ್ಲ ಬೆವರು ಒರೆಸಿಕೊಳ್ಳುವ ಕಾಲದಲ್ಲೂ ಉಣ್ಣೆಯ ಟೋಪಿ, ಎರಡು ಸ್ವೆಟರ್ ಚೀಲದಲ್ಲಿ ತುಂಬಿಕೊಂಡು ಕೆಲಸಕ್ಕೆ ಹೋಗುವವನು. ವರ್ಷವಿಡೀ ಮೂಗು ಸೋರುತ್ತಿತ್ತು. ಮೀನಿನ ಪೆಟ್ಟಿಗೆ, ಬಟಾಣಿ ಮೂಟೆ, ಬೆಣ್ಣೆ, ಇವುಗಳ ಮಧ್ಯೆ ನಿಂತು ನಿಂತು ಬೆರಳ ತುದಿ ಮರಗಟ್ಟಿ, ಮನೆಗೆ ಬಂದು ಅಂಗಿಯ ಗುಂಡಿ ಬಿಚ್ಚಲೂ ಹೆಂಡತಿಯನ್ನು ಕರೆಯಬೇಕಾಗಿತ್ತು.

“ಅಪ್ಪ, ನಾನು ಈ ಕೆಲಸ ಬಿಡ್ತೀನಿ” ಅಂದ.

“ಬಿಟ್ಟು?” ಅಂದಳು ತಾಯಿ.

“ಅಪ್ಪನ ಕೈ ಹಿಡ್ಕೋತೀನಿ.”

“ನನ್ನ ಕೈಯಲ್ಲಿ ಏನಿದೆಯೋ?” ಅಂದ ಮಾಸ್ಟರ್, ಬಾಯಲ್ಲಿ ಆಲೂಗಡ್ಡೆ ಇಟ್ಟುಕೊಂಡೇ.

“ಏನಿದೆಯಾ? ಇಡೀ ಕಾರ್ಖಾನೆ ಇದೆ! ನನ್ ಸ್ನೇಹಿತ ಇದಾನಲ್ಲ, ಹೋಟೆಲಿನವನು, ಅವನ ಹೋಟೆಲಿನ ಹಿಂದೆ ಒಂದು ರೂಮು ಖಾಲಿ ಇದೆ. ಅಲ್ಲೇ ಮಾಡೋದು, ಅಲ್ಲೇ ಮಾರೋದು. ಲೈಸೆನ್ಸು ಅವನು ನೋಡ್ಕೋತಾನೆ. ಮಾಡೋಕೆ ಬರೋರು ಬೇಕು ಅಂದ. ನಮ್ಮಪ್ಪ ಇದಾರಲ್ಲೋ ಅಂದೆ.”

“ನನ್ನ ಕೇಳ್ದೇನೇ ಯಾಕೋ ಹಾಗಂದೆ?”

“ನಿನ್ನನ್ನ ಏನು ಕೇಳೋದು? ಬಿಯರ್ ಮಾಡೋಕೆ ಬರುತ್ತಾ ಅಂತಲಾ?” ಮಗ ನಕ್ಕ. ಸೊಸೆಯೂ ನಕ್ಕಳು. ಹೆಂಡತಿಯಂತೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಮಾಸ್ಟರ್ ಕೂಡ ನಕ್ಕ. ಏನು ಮಾಡುತ್ತಾನೆ ಪಾಪ, ನಗದೇ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದ.

“ಮೊದಲು ಮನೇಲಿ ಒಂದು ಬಕೆಟ್ ಮಾಡಿ ತೋರ್ಸು. ಅವನು ಬಂದು ಕುಡಿದು ನೋಡ್ತಾನೆ. ಹಿಡಿಸಿದ್ರೆ ಮಾರನೇ ದಿನವೇ ರೂಮಿನ ಬೀಗದ ಕೈ” ಅಂದ ಮಗ.

ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು. ಮುಖ ನೋಡದೆ ಮಾತಾಡುವ ಅಭ್ಯಾಸವೇ ಅವಳಿಗಿಲ್ಲ. ಗಂಡನ ಕಡೆ ತಿರುಗಿ, “ಬಿಯರ್ ಕುಡಿದು ಸರಿ ಅಂದ ಮೇಲೆ ರಾಜೀನಾಮೆ ಕೊಡಿ. ಮೊದಲೇ ಕೊಡಬೇಡಿ. ನನ್ನೊಬ್ಬಳ ಸಂಬಳದಲ್ಲಿ ಈ ಮನೆ ನಡೆಯಲ್ಲ, ಗೊತ್ತಲ್ಲ?” ಅಂದಳು.

“ಆಯ್ತು ಮಾರಾಯ್ತಿ, ಕುಡಿದ ಮೇಲೇನೇ” ಅಂದ ಅವನು.

ಮಾಸ್ಟರಿಗೆ ಅಷ್ಟಕ್ಕೆ ಉಸಿರು ಬಂತು. ಇನ್ನೂ ಹೊತ್ತಿದೆ ಅಂದುಕೊಂಡ.

ಆ ವಾರದಲ್ಲೇ ಪಾರ್ಸೆಲ್ ಬಂತು. ಮನೆಯಲ್ಲೇ ಬಿಯರ್ ಮಾಡುವವರಿಗೆಂದು ಮಾರುವ ಪೆಟ್ಟಿಗೆ: ಮುಚ್ಚಳ ಮತ್ತು ನಲ್ಲಿ ಇರುವ ದೊಡ್ಡ ಪ್ಲಾಸ್ಟಿಕ್ ಬಕೆಟ್ಟು, ಮೊಳಕೆ ಬಾರ್ಲಿಯ ಕಪ್ಪು ಪಾಕದ ಡಬ್ಬಿ, ಒಣಗಿದ ಕಹಿ ಹೂವಿನ ಪೊಟ್ಟಣ, ಯೀಸ್ಟಿನ ಪುಟ್ಟ ಪೊಟ್ಟಣ. ಜೊತೆಗೆ ಮಾಡುವ ಕ್ರಮ ಅಚ್ಚಾದ ಒಂದು ಹಾಳೆ. ಸೊಸೆ ಅದನ್ನು ಬಿಡಿಸಿ, “ಮಾವ, ಓದ್ಲಾ?” ಅಂದಳು.

ಎಲ್ಲರ ಕಣ್ಣೂ ಅವನ ಮೇಲೆ. ಓದು ತಾಯಿ, ಗಟ್ಟಿಯಾಗಿ ಓದು, ಎರಡು ಸಲ ಓದು ಅನ್ನಬೇಕಿತ್ತು ಅವನು. ಜಂಬ ಬಿಡಬೇಕಲ್ಲ!

“ನನಗೆ ಚೀಟಿ ಓದಿ ಹೇಳ್ತೀಯಾ? ಕಪಾಟಿಗೆ ಹಾಸೋಕೆ ಆಗುತ್ತೆ, ನಿಮ್ಮತ್ತೆಗೆ ಕೊಡು” ಅಂದ.

ಮಗನ ಮುಖ ಹೆಮ್ಮೆಯಿಂದ ಅರಳಿತು. ಮಾಸ್ಟರ ಹೆಂಡತಿ ಗಂಡ ಹೇಳಿದ ಮಾತು ತಪ್ಪದ ಹೆಂಗಸು. ಮಾರನೇ ದಿನ ಎಲ್ಲರೂ ಹೊರಗೆ ಹೋದ ಮೇಲೆ ಮಾಸ್ಟರ್ ಆ ಹಾಳೆ ಹುಡುಕಿದರೆ ಅದು ಅಡುಗೆಮನೆಯ ಕಪಾಟಿನಲ್ಲಿ ಎಣ್ಣೆ ಡಬ್ಬಿಯ ಅಡಿಗೆ ಹೋಗಿ ಕೂತಿತ್ತು. ಡಬ್ಬಿ ಎತ್ತಿ ನೋಡಿದ. ಪಾಕವನ್ನು ನೀರಿನಲ್ಲಿ ಕುದಿಸಬೇಕು, ಹೂವು ಹಾಕಬೇಕು, ಆರಿಸಬೇಕು, ಯೀಸ್ಟು ಉದುರಿಸಬೇಕು, ಬಕೆಟ್ಟನ್ನು ಸಡಿಲವಾಗಿ ಮುಚ್ಚಬೇಕು ಎಂಬಲ್ಲಿಯ ತನಕ ಅಕ್ಷರ ಕಾಣುತ್ತಿತ್ತು. ‘ನೊರೆ ಬಂದಾಗ’ ಅಂತ ಶುರುವಾದ ಸಾಲಿನ ಮೇಲೆ ಡಬ್ಬಿಯ ಎಣ್ಣೆ ಉಂಗುರ ಬಿದ್ದು, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಇಣುಕಿ, ಎಲ್ಲ ಕಲಸುಮೇಲೋಗರವಾಗಿತ್ತು.

“ಏನ್ರೀ ಅದು, ಎಣ್ಣೆ ಡಬ್ಬಿ ತಬ್ಕೊಂಡು ನಿಂತಿದೀರಿ?” ಹೆಂಡತಿ ಹಿಂದಿನಿಂದ ಬಂದಳು.

“ಸೋರ್ತಾ ಇದೆಯಾ ಅಂತ ನೋಡ್ದೆ.”

“ಮೂವತ್ತು ವರ್ಷದಲ್ಲಿ ಇವತ್ತು ಕಾಳಜಿ ಬಂತು ನೋಡಿ ನನ್ನ ಡಬ್ಬಿ ಮೇಲೆ.”

ಭಾನುವಾರ ಬಿಯರ್ ಕಾಯಿಸುವ ಕೆಲಸ ನಡೆಯಿತು. ಒಲೆಯ ಮೇಲೆ ಮನೆಯ ಅತಿ ದೊಡ್ಡ ಪಾತ್ರೆ. ಅದರಲ್ಲಿ ಕಪ್ಪು ಪಾಕ ಕೊತಕೊತ ಕುದಿಯುತ್ತ, ಮನೆ ತುಂಬ ಒದ್ದೆ ಬ್ರೆಡ್ಡಿನ ಹಾಗೆ, ಒದ್ದೆ ಹುಲ್ಲಿನ ಹಾಗೆ ವಾಸನೆ. ಕಿಟಕಿಯ ಗಾಜು ಬೆವೆತಿತು. ಹೆಂಡತಿಗೆ ಒಲೆ ಸಿಗದೆ ಮಧ್ಯಾಹ್ನ ಎಲ್ಲರೂ ಬ್ರೆಡ್ಡು, ಬೆಂದ ಮೊಟ್ಟೆ ತಿಂದರು.

“ಕಾರ್ಖಾನೇಲಿ ಇದನ್ನೆಲ್ಲ ಸೌಟಲ್ಲೇ ತಿರುಗಿಸ್ತಿದ್ರಾ ಮಾವ?” ಅಂತ ಸೊಸೆ ಕೇಳಿದಳು.

“ಅಲ್ಲಿ ಮೆಷಿನ್ ಇತ್ತು.”

“ಎಷ್ಟು ಹೊತ್ತು ಕುದಿಸ್ತಿದ್ರಿ?”

“ಅದು... ಬಿಯರ್ ನೋಡ್ಕೊಂಡು.”

“ನೋಡಿದ್ರೆ ಹೇಗೆ ಗೊತ್ತಾಗುತ್ತೆ?”

“ಏ, ಕೋರ್ಟು ವಕೀಲರ ಹಾಗೆ ಕೇಳ್ಬೇಡ್ವೇ” ಅಂತ ಮಗ ರೇಗಿದ. “ಅಪ್ಪಂಗೆ ಕೈಗೆ ಬಂದಿರೋ ವಿದ್ಯೆ, ಬಾಯಲ್ಲಿ ಹೇಳೋಕೆ ಬರಲ್ಲ.”

ಯೀಸ್ಟು ಉದುರಿಸಿ, ಬಕೆಟ್ಟನ್ನು ತನ್ನ ಮಂಚದ ಪಕ್ಕದ ಮೂಲೆಯಲ್ಲಿ ಇಟ್ಟುಕೊಂಡ ಮಾಸ್ಟರ್. ಮಾರನೇ ದಿನ ಎಲ್ಲ ಕೆಲಸಕ್ಕೆ ಹೋದರು. ಹೆಂಡತಿ ತರಕಾರಿಗೆ ಹೋದಳು. ಮುಚ್ಚಳ ಎತ್ತಿ ನೋಡಿದವನು ಒಂದು ಹೆಜ್ಜೆ ಹಿಂದೆ ಸರಿದ. ಮೇಲೆ ಕೊಳಕು ಬಣ್ಣದ ನೊರೆ, ಅದರ ಮೇಲೆ ಕಂದು ಕಂದು ಗಸಿ, ಅಂಚಿಗೆ ಮೆತ್ತಿಕೊಂಡ ಅಂಟು. ಕೆಳಗೆ ಕೆಸರಿನ ಹಾಗೆ ಕದಡಿದ ನೀರು, ಒಳಗೆ ಏನೇನೋ ಚೂರುಗಳು ಮೇಲೆ ಕೆಳಗೆ ಓಡಾಡುತ್ತಿದ್ದವು.

ಬಿಯರ್ ಹುಟ್ಟುವುದೇ ಹಾಗೆ. ಆ ಕೊಳಕೇ ಅದರ ಜೀವ. ಬೇರೆ ಯಾರಾದರೂ ಅನನುಭವಿ ಆಗಿದ್ದರೆ ಏನೋ ಆಗ್ತಿದೆ ಬಿಡು ಅಂತ ಸುಮ್ಮನಿರುತ್ತಿದ್ದ, ಬಿಯರ್ ತನ್ನ ಪಾಡಿಗೆ ತಾನು ಆಗುತ್ತಿತ್ತು. ಆದರೆ ಇವನು ಜೀವಮಾನವಿಡೀ ಒಂದು ಕಸದ ಎಳೆ ಕಂಡರೆ ಬಾಟಲಿ ಎತ್ತಿ ಆಚೆ ಇಟ್ಟ ಮನುಷ್ಯ. ಮಬ್ಬು ಅಂದರೆ ಕೆಟ್ಟಿದ್ದು. ತಿಳಿ ಅಂದರೆ ಒಳ್ಳೆಯದು. ಅವನ ಕಣ್ಣಿಗೆ ಗೊತ್ತಿದ್ದದ್ದು ಅಷ್ಟೇ. ಇನ್ನೊಂದು ಗೊತ್ತಿತ್ತು: ಕಾರ್ಖಾನೆಯಲ್ಲಿ ತುಂಬಿದ ಬಾಟಲಿಗಳು ಕೆಡದ ಹಾಗೆ ಬಿಸಿನೀರಿನ ಸ್ನಾನ ಮಾಡಿ ಬರುತ್ತಿದ್ದವು. ಕೆಟ್ಟದ್ದನ್ನು ಸರಿ ಮಾಡಲು ಬಿಸಿಯೇ ಮದ್ದು ಅಂತ ತೀರ್ಮಾನಿಸಿದ.

ನೊರೆ ಬಾಚಿ ಬಚ್ಚಲಿಗೆ ಎಸೆದ. ಹೆಂಡತಿಯ ಹಳೆಯ ಹತ್ತಿ ಸೀರೆ ಹರಿದು ನಾಲ್ಕು ಮಡಿಕೆ ಮಾಡಿ ಸೋಸಿದ. ಎಲ್ಲವನ್ನೂ ಮತ್ತೆ ಒಲೆಗೇರಿಸಿ ಚೆನ್ನಾಗಿ ಕುದಿಸಿದ. ಬಿಯರಿನ ಪ್ರಾಣ ಹಬೆಯಾಗಿ ಕಿಟಕಿಯಿಂದ ಹೋಗುತ್ತಿತ್ತು, ಇವನು ಒಲೆಯ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಆಮೇಲೆ ಫ್ರಿಜ್ಜಿನ ತಟ್ಟೆಗಳನ್ನೆಲ್ಲ ಕಿತ್ತು ಬಕೆಟ್ಟನ್ನು ಒಳಗೆ ನೂಕಿದ. ಹೆಂಡತಿ ಬಂದು ಹಾಲು, ಬೆಣ್ಣೆ, ಟೊಮೇಟೊ ಎಲ್ಲ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿರುವುದನ್ನು ನೋಡಿ ಕೂಗಾಡಿದಳು.

“ಮಾಸ್ಟರ್ ಆದ್ರೆ ಕಾರ್ಖಾನೇಲಿ. ಇದು ನನ್ನ ಅಡುಗೆಮನೆ!”

“ಇನ್ನು ಕೆಲವು ದಿನ ಸಹಿಸ್ಕೋ ಮಾರಾಯ್ತಿ.”

ಮುಂದಿನ ದಿನಗಳಲ್ಲಿ ಮಡ್ಡಿಯೆಲ್ಲ ತಳಕ್ಕೆ ಇಳಿಯಿತು. ಮೇಲಿನದನ್ನು ಅಲ್ಲಾಡಿಸದೆ ಬಸಿದು ಗಾಜಿನ ಜಗ್ಗಿಗೆ ತುಂಬಿದ. ಬೆಳಕಿಗೆ ಹಿಡಿದರೆ, ಅಬ್ಬಾ, ಬಂಗಾರ! ಒಂದು ಚುಕ್ಕೆ ಇಲ್ಲ, ಒಂದು ಎಳೆ ಇಲ್ಲ. ಅಷ್ಟು ತಿಳಿಯಾದ ಬಿಯರನ್ನು ಕಾರ್ಖಾನೆಯ ದೀಪದ ಮುಂದೆಯೂ ಅವನು ಕಂಡಿರಲಿಲ್ಲ. ಸಂಜೆ ಮಗ ಕೆಲಸದಿಂದ ಬಂದವನು ಟೋಪಿ ತೆಗೆಯುವುದನ್ನೂ ಮರೆತು ಆ ಜಗ್ಗನ್ನೇ ನೋಡುತ್ತ ನಿಂತ.

“ಅಪ್ಪ... ಅಂಗಡೀಲಿ ಕೂಡ ಹೀಗಿರಲ್ವಲ್ಲಪ್ಪ!”

“ಇನ್ನೂ ರುಚಿ ನೋಡಿಲ್ಲ ಕಣೋ, ತಡಿ. ಇನ್ನಷ್ಟು ಕೂರಬೇಕು.”

“ರುಚಿ ಏನು ನೋಡೋದು, ಬಣ್ಣವೇ ಹೇಳುತ್ತಲ್ಲ!”

ಮಗನ ಕಣ್ಣಲ್ಲಿ ನೀರು ಬಂದಿತ್ತು. ನೆಗಡಿಯದ್ದೋ ಖುಷಿಯದ್ದೋ. ಮಾಸ್ಟರಿಗೆ ಆ ಹೊತ್ತು ತಾನು ನಿಜವಾಗಿ ಮಾಸ್ಟರೇ ಅನ್ನಿಸಿಬಿಟ್ಟಿತು.

ಮಾರನೇ ಸಂಜೆ ಊಟಕ್ಕೆ ಕೂತಾಗ ಮಗ ಬಟ್ಟಲಿಗೆ ಬೇಳೆ ಹಾಕಿಕೊಳ್ಳುತ್ತ, “ಕೊಟ್ಟುಬಿಟ್ಟೆ” ಅಂದ.

“ಏನು?” ಅಂದಳು ಸೊಸೆ. ಗೊತ್ತಾಗಿತ್ತು ಅವಳಿಗೆ.

“ರಾಜೀನಾಮೆ. ಒಂದು ತಿಂಗಳು ನೋಟೀಸು. ಅಷ್ಟರಲ್ಲಿ ರೂಮು ರೆಡಿ ಆಗುತ್ತೆ.”

“ಕುಡಿದ ಮೇಲೆ ಅಂದಿದ್ರಿ.”

“ನೋಡಿದೆನಲ್ಲ!”

“ನೋಡಿ ಕೊಟ್ರಾ? ಯಾರಾದ್ರೂ ಕನ್ನಡಕದ ಫ್ರೇಮ್ ನೋಡಿ ಕಣ್ಣು ಸರಿಹೋಯ್ತು ಅಂತಾರೇನ್ರೀ?”

“ನಮ್ಮಪ್ಪನ ಮೇಲೆ ನಿಂಗೆ ನಂಬಿಕೆ ಇಲ್ಲ, ಅಷ್ಟು ಹೇಳು!”

“ಮಾವನ ಮೇಲಲ್ಲ, ನಿಮ್ಮ ಆತುರದ ಮೇಲೆ.”

ಸೊಸೆ ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಅತ್ತೆ, “ಒಳ್ಳೇದು ಆಗೋವಾಗ ಮುಖ ಗಂಟು ಹಾಕ್ಕೋಬಾರದು” ಅಂತ ಅವಳ ಬೆನ್ನಿಗೆ ಹೇಳಿದಳು. ಮಾಸ್ಟರ್ ಅರ್ಧ ಊಟಕ್ಕೇ ಕೈ ತೊಳೆದ.

ಮರುದಿನ ಮನೆ ಖಾಲಿಯಾದ ತಕ್ಷಣ ಲೋಟಕ್ಕೆ ಬಗ್ಗಿಸಿಕೊಂಡ. ನೊರೆ ಬರಲಿಲ್ಲ. ಮೊದಲ ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿದ. ಆಮೇಲೆ ಲೋಟ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತ. ಸತ್ತ ನೀರು. ಸಿಹಿ, ಹಿಂದೆ ಒಂದು ಪೆದ್ದು ಕಹಿ. ಗುಳ್ಳೆ ಇಲ್ಲ, ಚುರುಕಿಲ್ಲ. ಬೇರೆ ಯಾರಿಗಾದರೂ ‘ಇದು ಬೇರೆ ತರದ ಬಿಯರು’ ಅಂತ ಹೇಳಿ ನಂಬಿಸಬಹುದಿತ್ತು. ಅವನ ನಾಲಿಗೆಗೆ ಅವನೇ ಏನು ಹೇಳುತ್ತಾನೆ?

ಹೋಟೆಲಿನವನು ಬರುವುದು ಭಾನುವಾರ. ಶನಿವಾರ ಮಾಸ್ಟರ್ ಒಂದು ಚೀಲ ಹಿಡಿದು ದೂರದ ಅಂಗಡಿಗೆ ಹೋದ, ತನ್ನ ಗುರುತಿಲ್ಲದ ಕಡೆ. ನಾಲ್ಕು ಬಾಟಲಿ ಬಿಯರ್ ತಂದು ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಹೂತಿಟ್ಟ. ಹೆಂಗಸರು ಇರುವ ಮನೆಯಲ್ಲಿ ಏನನ್ನಾದರೂ ಅಡಗಿಸಲು ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಅರ್ಧ ಗಂಟೆಯಲ್ಲಿ ಹೆಂಡತಿ ಒಂದು ಕೈಯಲ್ಲಿ ಅವನ ಬನಿಯನ್ನು, ಇನ್ನೊಂದರಲ್ಲಿ ಬಾಟಲಿ ಹಿಡಿದುಕೊಂಡು ಮುಂದೆ ನಿಂತಳು.

“ಏನ್ರೀ ಇದು? ಮನೇಲಿ ಬಕೆಟ್ ತುಂಬ ಮಾಡಿಟ್ಟು ಅಂಗಡಿಯಿಂದ ತರೋಕೆ ಹುಚ್ಚಾ?”

ಮಾಸ್ಟರ್ ಬಾಗಿಲು ಮುಚ್ಚಿ ಬಂದ. ಎಲ್ಲ ಹೇಳಿದ. ಸ್ಟೂಲು, ದೀಪ, ಗೇಟಿನವನ ಮಾತು, ಅವಳ ಅಪ್ಪ ಕೇಳಿದ್ದು, ಇವನು ಹೇಳಿದ್ದು, ಎಣ್ಣೆ ಡಬ್ಬಿ, ಸೀರೆಯಲ್ಲಿ ಸೋಸಿದ್ದು. ಅವಳು ಬಾಟಲಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

“ಬಾಟ್ಲಿ ನೋಡ್ತಿದ್ರಾ?”

“ಹೂಂ.”

“ಬರೀ ನೋಡ್ತಿದ್ರಾ?”

“ಹೂಂ ಕಣೇ.”

“ನನ್ನಕ್ಕಂಗೆ ಏನಂತ ಹೇಳ್ಲಿ ನಾನು?” ಅವಳ ಮೊದಲ ಮಾತು ಅದು. ಆಮೇಲೆ ಅತ್ತಳು, ಆಮೇಲೆ ಮೂಗು ಒರೆಸಿಕೊಂಡಳು. “ಆಯ್ತು. ಹೋಗ್ಲಿ. ತಂದಿದೀರಲ್ಲ, ಇದನ್ನೇ ಜಗ್ಗಿಗೆ ಸುರೀರಿ.”

“ಸುರಿದು?”

“ಸುರಿದು ಕೊಡೋದು. ಅವನು ಕುಡಿದು ಚೆನ್ನಾಗಿದೆ ಅಂತಾನೆ.”

“ಎರಡನೇ ಬಕೆಟ್ಟಿಗೆ?”

“ಅಷ್ಟರಲ್ಲಿ ಕಲಿತೀರಿ.”

“ಹೋಟೆಲಿಗೆ ದಿನಾ ಕೊಡಬೇಕು ಕಣೇ! ಎಷ್ಟು ದಿನ ಅಂಗಡಿ ಬಿಯರ್ ಸುರೀಲಿ? ಅವನು ಕೆಲಸ ಬಿಟ್ಟು ಕೂತಿರ್ತಾನೆ, ಸೊಸೆ ಒಬ್ಬಳೇ ದುಡೀತಾಳೆ...”

“ಮೂವತ್ತು ವರ್ಷ ಸುಮ್ನಿದ್ರಲ್ಲ, ಇನ್ನೊಂದಿಷ್ಟು ದಿನ ಸುಮ್ನಿರೋಕೆ ಏನು ಕಷ್ಟ ನಿಮಗೆ?”

ಅವನು ಬಾಟಲಿಯನ್ನು ಅವಳ ತೊಡೆಯ ಮೇಲೇ ಬಿಟ್ಟು ಎದ್ದು ಹೋದ. 

ಭಾನುವಾರ ಮಧ್ಯಾಹ್ನ ಹೋಟೆಲಿನವನು ಬಂದ. ಗುಂಡು ಮುಖದ, ದೊಡ್ಡ ದನಿಯ ಆಸಾಮಿ. ಬಾಗಿಲಲ್ಲೇ, “ಎಲ್ಲಿ ನಮ್ಮ ಮಾಸ್ಟರು? ಕಾಲು ಕೊಡಿ, ನಮಸ್ಕಾರ ಮಾಡ್ತೀನಿ” ಅಂದ. ಅನ್ನ, ಹುರಿದ ಮೀನು, ಸೌತೆಕಾಯಿ ಹೋಳು ಮೇಜಿನ ಮೇಲೆ. ಹೆಂಡತಿ ಅಡುಗೆಮನೆಯಿಂದ ಜಗ್ಗು ತಂದಳು. ನೊರೆ ಉಕ್ಕಿ ಅಂಚಿಗೆ ಬಂದಿತ್ತು. ಆ ನೊರೆ ನೋಡಿದ ಕೂಡಲೇ ಮಾಸ್ಟರಿಗೆ ಅರ್ಥವಾಯಿತು. ಅವಳ ಮುಖ ನೋಡಿದ. ಅವಳು ಮೀನಿನ ಮುಳ್ಳಿನ ಬಗ್ಗೆ ಏನೋ ಹೇಳುತ್ತಿದ್ದಳು.

ಹೋಟೆಲಿನವನು ಒಂದೇ ಗುಟುಕಿಗೆ ಅರ್ಧ ಲೋಟ ಇಳಿಸಿದ. ಮೀಸೆ ಒರೆಸಿಕೊಂಡ. “ಲೋ! ಇದು ಕಣೋ ಬಿಯರು! ನಿಮ್ಮಪ್ಪನ ಕೈಗೆ ಬಂಗಾರದ ಕಡಗ ಹಾಕಿಸ್ಬೇಕು.”

ಮಗ ಮೇಜು ಕುಟ್ಟಿದ. “ನಾನು ಹೇಳಿರ್ಲಿಲ್ವಾ!” ಹೆಂಡತಿಯ ಕಡೆ ತಿರುಗಿ, “ಈಗ ಹೇಳು ನೋಡೋಣ” ಅಂದ. ಸೊಸೆ ಒಂದು ಗುಟುಕು ಕುಡಿದು, “ಚೆನ್ನಾಗೇ ಇದೆ ಮಾವ. ನಾನು ಸುಮ್ನೆ ಹೆದರಿದ್ದೆ, ತಪ್ಪಾಯ್ತು” ಅಂದಳು.

ಆ ‘ತಪ್ಪಾಯ್ತು’ ಮಾಸ್ಟರಿಗೆ ಚುಚ್ಚಿತು. ಹೋಟೆಲಿನವನು ಜೇಬಿನಿಂದ ಬೀಗದ ಕೈ ತೆಗೆದು ಸೌತೆಕಾಯಿ ತಟ್ಟೆಯ ಪಕ್ಕ ಇಟ್ಟ. “ನಾಳೆಯಿಂದ ರೂಮು ನಿಮ್ದು. ನಾನು ಗಾಡಿ ಮಾರಿ ದೊಡ್ಡ ಪಾತ್ರೆ ತರಿಸ್ತೀನಿ. ಮಾಸ್ಟರ್, ಎಂಥ ಪಾತ್ರೆ ಬೇಕು, ನೀವೇ ಹೇಳ್ಬೇಕು.”

ಮಾಸ್ಟರ್ ಎದ್ದ. ಹೆಂಡತಿ, “ಕೂತ್ಕೊಳ್ರೀ, ಏನು ಬೇಕು, ನಾನು ತರ್ತೀನಿ” ಅಂದಳು. ಅವನು ಕೂರಲಿಲ್ಲ. ಫ್ರಿಜ್ಜಿನಿಂದ ಇನ್ನೊಂದು ಜಗ್ಗು ತಂದು ಮೇಜಿನ ಮೇಲಿಟ್ಟ. ತಿಳಿಯಾದದ್ದು, ಬಂಗಾರದ ಬಣ್ಣದ್ದು.

“ಇದು ನಾನು ಮಾಡಿದ್ದು. ನೀವು ಕುಡಿದದ್ದು ಅಂಗಡೀದು.”

 ಹೋಟೆಲಿನವನು ಜಗ್ಗಿನಿಂದ ಜಗ್ಗಿಗೆ ನೋಡಿ, “ಅದಕ್ಕೇ... ಈ ರುಚಿ ಎಲ್ಲೋ ನೋಡಿದೀನಿ ಅನ್ನಿಸ್ತಿತ್ತು. ನನ್ನ ಹೋಟೆಲಲ್ಲೇ ಮಾರ್ತೀನಿ ಇದನ್ನ” ಅಂತ ಗೊಣಗಿದ. ಸೊಸೆ ಎರಡನೇ ಜಗ್ಗಿನಿಂದ ಲೋಟಕ್ಕೆ ಹಾಕಿಕೊಂಡು ತುಟಿಗಿಟ್ಟು, ಮೆಲ್ಲಗೆ ಕೆಳಗಿಟ್ಟಳು.

“ಒಂದು ಬಕೆಟ್ ಕೆಟ್ರೆ ಏನಾಯ್ತಪ್ಪ?” ಮಗ ಅವಸರವಾಗಿ ಅಂದ. “ಎಷ್ಟು ವರ್ಷ ಆಯ್ತು ಕೈ ಬಿಟ್ಟು. ಇನ್ನೊಂದ್ಸಲ ಮಾಡು.”

“ಕೈ ಬಿಟ್ಟಿದ್ದಲ್ಲ. ಇದೇ ಮೊದಲು ಕಣೋ.”

“ಮೊದಲು ಅಂದ್ರೆ?”

“ನಾನು ಅಲ್ಲಿ ಬಿಯರ್ ಮಾಡ್ತಿರ್ಲಿಲ್ಲ. ಬಾಟ್ಲಿ ನೋಡ್ತಿದ್ದೆ. ಕಸ ಇದೆಯಾ ಇಲ್ವಾ ಅಂತ.”

“ಸುಮ್ನಿರ್ರೀ!” ಹೆಂಡತಿ ಕಿರುಚಿದಳು. “ಅವರಿಗೆ ವಯಸ್ಸಾಯ್ತು, ಏನೇನೋ ಮಾತಾಡ್ತಾರೆ, ನೀವು ಮೀನು ತಿನ್ನಿ...”

ಹೋಟೆಲಿನವನು ಮೀನು ತಿನ್ನಲಿಲ್ಲ. ಬೀಗದ ಕೈಯನ್ನು ಎತ್ತಿಕೊಳ್ಳುವಾಗ ಸದ್ದಾಗದಂತೆ ಎತ್ತಿಕೊಂಡ. ಒಳ್ಳೆಯ ಮನುಷ್ಯ, ‘ಬರ್ತೀನಿ ಕಣೋ, ಆಮೇಲೆ ಮಾತಾಡೋಣ’ ಅಂತ ಮಗನ ಭುಜ ತಟ್ಟಿ ಹೋದ.

ಮಗ ಕೂತೇ ಇದ್ದ. “ಶಾಲೇಲಿ ಮೇಷ್ಟ್ರು ಕೇಳಿದಾಗ ನಮ್ಮಪ್ಪ ಬಿಯರ್ ಮಾಡ್ತಾರೆ ಅಂತ ಎದ್ದು ನಿಂತು ಹೇಳಿದ್ದೆ” ಅಂದ. “ಎಲ್ಲ ನಕ್ಕಿದ್ರು. ನಾನು ಅವರ ಜೊತೆ ಹೊಡೆದಾಡಿದ್ದೆ.”

“ಗೊತ್ತು. ತುಟಿ ಒಡಕೊಂಡು ಬಂದಿದ್ದೆ.”

“ಆವತ್ತು ಹೇಳ್ಬೋದಿತ್ತಲ್ಲಪ್ಪ.”

ಅಷ್ಟೇ. ಆಮೇಲೆ ಮಗ ಅಪ್ಪನ ಜೊತೆ ಮಾತು ಬಿಟ್ಟ.

ಮನೆಯಲ್ಲಿ ಮಾತು ಬಿಟ್ಟರೆ ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ‘ಉಪ್ಪು ಬೇಕಾ ಕೇಳಮ್ಮ’, ‘ಸ್ನಾನಕ್ಕೆ ಹೋಗ್ತಾರಾ ಕೇಳಮ್ಮ’ ಅಂತ ಎಲ್ಲ ತಾಯಿಯ ಮೂಲಕ. ಮಗ ಊಟಕ್ಕೆ ಕೂತರೆ ಅಪ್ಪ ಎದ್ದು ಹೋಗುತ್ತಿದ್ದ. ಸಂಜೆಯ ಬಾಟಲಿಯೂ ನಿಂತಿತು. ಯಾರೂ ಬೇಡ ಅನ್ನಲಿಲ್ಲ, ಅವನಿಗೇ ಕೈ ಏಳಲಿಲ್ಲ. ಹೆಂಡತಿ ಮಾತ್ರ ದಿನಕ್ಕೊಂದು ಸಲವಾದರೂ ಪಾತ್ರೆ ಉಜ್ಜುತ್ತ, “ಬೀಗದ ಕೈ ಮೇಜಿನ ಮೇಲಿತ್ತು, ಮೇಜಿನ ಮೇಲೆ!” ಅನ್ನುತ್ತಿದ್ದಳು. ಸುಳ್ಳು ಹೇಳಿದ್ದಕ್ಕೆ ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ನಿಜ ಹೇಳಿದ್ದಕ್ಕೆ ಸಿಟ್ಟು.

ನೋಟೀಸಿನ ತಿಂಗಳು ಕರಗುತ್ತಿತ್ತು. ಒಂದು ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ಗಂಡನಿಗೆ ನೇರ ಹೇಳಿದಳು.

“ಇವತ್ತು ಹೋಗಿ ರಾಜೀನಾಮೆ ವಾಪಸ್ ತಗೊಳ್ಳಿ. ನಿಮ್ಮ ಜಾಗಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ಲ, ವಿಚಾರಿಸಿದೀನಿ.”

“ಯಾವ ಮುಖ ಇಟ್ಕೊಂಡು? ಯಾಕಪ್ಪ ಬಿಟ್ಟೆ, ಯಾಕೆ ಬಂದೆ ಅಂತ ಮ್ಯಾನೇಜರ್ ಕೇಳಿದ್ರೆ?”

ಒಳಗಿನಿಂದ ಮಾಸ್ಟರ್, “ಅಪ್ಪ ಸುಳ್ಳು ಹೇಳಿ ಕೆಡಿಸಿದ ಅಂತ ಹೇಳ್ಲಿ” ಅಂದ, ಗೋಡೆಗೆ ಹೇಳುವವನ ಹಾಗೆ.

ಮಗ ಗೋಡೆಗೂ ಉತ್ತರ ಕೊಡಲಿಲ್ಲ. ಟೋಪಿ, ಸ್ವೆಟರ್ ಚೀಲಕ್ಕೆ ತುಂಬಿಕೊಂಡು ಹೋದ.

ಸಂಜೆ ಬಂದು ತಾಯಿಗೆ ಹೇಳಿದ: ಕೆಲಸ ಉಳೀತು. ಮ್ಯಾನೇಜರ್ ದೇವರಂಥವರು. ತಾಯಿ ಏನು ಹೇಳಿದೆಯೋ ಅಂತ ಕೇಳಿದ್ದಕ್ಕೆ, ‘ಏನೋ ಒಂದು ಹೇಳಿದೆ’ ಅಂತ ಟವೆಲ್ ಹಿಡಿದು ಬಚ್ಚಲಿಗೆ ಹೋದ. ಆ ಸಂಜೆ ಮನೆಯಲ್ಲಿ ಎಲ್ಲರೂ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಮಾಸ್ಟರ್ ಬಾಗಿಲ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದಾಗ ಹೆಂಡತಿ ಫೋನು ಕಿವಿಗೆ ಒತ್ತಿಕೊಂಡು ಓಡಿ ಬಂದಳು.

“ಏಳ್ರೀ! ಒಳಗೆ ಬನ್ನಿ! ಮಲಕ್ಕೊಳ್ಳಿ!”

“ಯಾಕೆ, ಏನಾಯ್ತು?”

“ಮ್ಯಾನೇಜರ್ ಬರ್ತಿದಾರಂತೆ, ಇವನ ಜೊತೇಲೇ, ನಿಮ್ಮನ್ನ ನೋಡೋಕೆ. ನಿಮಗೆ ಹುಷಾರಿಲ್ಲ.”

“ನನಗೇನಾಗಿದೆ?”

“ಎದೆ! ಎದೆ ಕೆಟ್ಟಿದೆ ನಿಮ್ದು. ಅದಕ್ಕೇ ಅವನು ಮನೇಲಿರ್ಬೇಕು ಅಂತ ಕೆಲಸ ಬಿಟ್ಟ, ಈಗ ಔಷಧಿಗೆ ಬೇಕು ಅಂತ ವಾಪಸ್ ಹೋದ. ಹಾಗಂತ ಹೇಳಿದಾನೆ. ಏಳಿ ಅಂದ್ರೆ!”

ಮಂಚ, ದಿಂಬು, ಮೇಲೆ ದಪ್ಪ ಕಂಬಳಿ. ಹೊರಗೆ ಬಿಸಿಲು ಸುಡುತ್ತಿತ್ತು. ಹೆಂಡತಿ ಅವನ ಕೂದಲು ಕೆದರಿದಳು, ತನ್ನ ಮಂಡಿನೋವಿನ ಮಾತ್ರೆಗಳನ್ನೆಲ್ಲ ತಂದು ತಲೆಯ ಬಳಿ ಹರವಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಮೂವತ್ತು ವರ್ಷದಲ್ಲಿ ಒಂದು ಸಲ ನಿಜ ನುಡಿದ ಮನುಷ್ಯ ಕಂಬಳಿಯೊಳಗೆ ಬೆವರುತ್ತ ಸೂರು ನೋಡಿದ.

ಮ್ಯಾನೇಜರ್ ಸಣ್ಣಗಿನ, ಮೆತ್ತಗಿನ ಮನುಷ್ಯ. ಸೇಬಿನ ಚೀಲ ಹಿಡಿದು ಬಂದು ಕುರ್ಚಿಯ ತುದಿಯಲ್ಲಿ ಕೂತ. ಮಗ ಒಳಗೆ ಬರದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಅವನು ಅಪ್ಪನ ಮುಖ ನೇರ ನೋಡಿ ವಾರಗಳಾಗಿದ್ದವು, ಈಗ ನೋಡುತ್ತಿದ್ದ.

“ಹೇಗಿದೀರಿ ಯಜಮಾನ್ರೇ?” ಅಂದ ಮ್ಯಾನೇಜರ್. “ನಿಮ್ಮ ಮಗ ಎಲ್ಲ ಹೇಳಿದ. ಬಿಯರ್ ಕಾರ್ಖಾನೇಲಿ ಬಾಟಲಿ ನೋಡೋ ಕೆಲಸ ಮಾಡ್ತಿದ್ರಂತೆ. ವರ್ಷಗಟ್ಟಲೆ ಆ ತೊಳೆಯೋ ಸೋಡಾದ ಹಬೆ ಕುಡಿದು ಕುಡಿದು ಎದೆಗೆ ಹೀಗಾಯ್ತಂತೆ. ಎಂಥ ಕಷ್ಟದ ಕೆಲಸ ಅಲ್ವಾ ಅದು?”

ಮಾಸ್ಟರ್ ಮಗನನ್ನು ನೋಡಿದ. ಆ ಮನೆಯ ಛಾವಣಿಯ ಕೆಳಗೆ ಅವನ ಕೆಲಸದ ನಿಜವಾದ ಹೆಸರು ಹೊರಗಿನವರೊಬ್ಬರ ಬಾಯಲ್ಲಿ ಬಂದದ್ದು ಅದೇ ಮೊದಲು.

“ಹೌದು ಸಾರ್” ಅಂದ. “ಬಾಟ್ಲಿ ನೋಡ್ತಿದ್ದೆ.”

“ಈಗ ಕೆಮ್ಮು ಕಮ್ಮಿ ಆಗಿದೆಯಾ?”

ಹೆಂಡತಿ ಕಂಬಳಿಯೊಳಗೆ ಕೈ ಹಾಕಿ ಅವನ ತೊಡೆ ಚಿವುಟಿದಳು.  ಮಾಸ್ಟರ್ ಕಣ್ಣು ಮುಚ್ಚಿಕೊಂಡು ಕೆಮ್ಮಿದ. ಸಣ್ಣದಾಗಿ ಶುರು ಮಾಡಿದ್ದು, ಬೆವರು ಕಂಬಳಿ ಎಲ್ಲ ಸೇರಿ ನಿಜವಾಗಿಯೇ ಗಂಟಲಿಗೆ ಹತ್ತಿಕೊಂಡಿತು.

ಮಗ ದಾಪುಗಾಲಲ್ಲಿ ಒಳಗೆ ಬಂದ. ಅಪ್ಪನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿ, ನೀರಿನ ಲೋಟ ತುಟಿಗೆ ಹಿಡಿದ. ಅವನ ಬೆರಳು ಇನ್ನೂ ತಣ್ಣಗಿತ್ತು.

“ನಿಧಾನ ಅಪ್ಪ” ಅಂದ. “ನಿಧಾನವಾಗಿ ಕುಡಿ.”

ಅದು ಮ್ಯಾನೇಜರಿಗಾಗಿ ಆಡಿದ ಮಾತೋ, ತನಗಾಗಿ ಆಡಿದ್ದೋ, ಮಾಸ್ಟರಿಗೆ ತಿಳಿಯಲಿಲ್ಲ. ನೀರು ಕುಡಿದ. ಗಂಟಲು ಸರಿಹೋಗಿತ್ತು. ಮಗ ಬೆನ್ನಿನಿಂದ ಕೈ ತೆಗೆಯುವುದರಲ್ಲಿದ್ದ.

ಮಾಸ್ಟರ್ ಇನ್ನೊಂದು ಸಲ ಕೆಮ್ಮಿದ.